ಬಾಳೆಕಂದಿನೊಳಗಣ ನಂಜು ಮತ್ತು ತೊಂಬತ್ತಾರು ಗುಳಿಗಳ ತಟ್ಟೆ

ಬಾಳೆಯು ಬೀಜದಿಂದ ವೃದ್ಧಿಯಾಗತಕ್ಕ ಪೈರಲ್ಲ. ತಾಯಿಗಿಡದ ಬುಡದಲ್ಲಿ ಹೊರಡುವ ಕಂದನ್ನು ಅಗೆದು ತಂದು ನೆಡುವುದೇ ಪೂರ್ವದಿಂದ ನಡೆದುಬಂದಿರುವ ಪದ್ಧತಿ. ಇದರಲ್ಲಿ ಒಂದು ಅನುಕೂಲವೂ ಒಂದು ಅಪಾಯವೂ ಸೇರಿಕೊಂಡಿವೆ. ತಾಯಿಗಿಡದ ಗುಣವು ಕಂದಿಗೆ ಯಥಾವತ್ತಾಗಿ ಬರುವುದು ಅನುಕೂಲ. ತಾಯಿಗಿಡದ ಮೈಯಲ್ಲಿದ್ದ ರೋಗವೂ ಅದರೊಡನೆಯೇ ಬರುವುದು ಅಪಾಯ. ಕಂದನ್ನು ಕೊಳ್ಳುವ ರೈತನು ಅದರ ದಪ್ಪವನ್ನೂ ಗಡ್ಡೆಯ ಗಟ್ಟಿತನವನ್ನೂ ನೋಡಿ ತೃಪ್ತನಾಗುತ್ತಾನೆ. ಆದರೆ ಕಣ್ಣಿಗೆ ಕಾಣದ ನಂಜೊಂದು ಅದರೊಳಗೆ ಅಡಗಿದ್ದರೆ, ಅವನ ತೋಟವು ಮಾತ್ರವಲ್ಲದೆ ನೆರೆಯವರ ತೋಟಗಳೂ ಕ್ರಮೇಣ ಹಾಳಾಗುವುವು. ಈ ನಂಜನ್ನು ನೆಡುವುದಕ್ಕೆ ಮೊದಲೇ ಕಂಡುಹಿಡಿಯುವ ಉಪಾಯವೊಂದು ಈಗ ಬಳಕೆಯಲ್ಲಿದೆ. ಅದರ ಸ್ವರೂಪವನ್ನೂ, ಅದರಿಂದ ಆಗುವ ಪ್ರಯೋಜನವನ್ನೂ, ಅದರ ಮಿತಿಯನ್ನೂ ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ರೋಗದ ಲಕ್ಷಣ

ಕಂದಿನೊಡನೆ ಬರುವ ನಂಜುರೋಗಗಳಲ್ಲಿ ಅತಿ ಕ್ರೂರವಾದುದು ‘ಬಂಚಿ ಟಾಪ್’ ಎಂದು ಹೆಸರಾದ ಗೊಂಚಲು ತುದಿ ರೋಗ. ಇದು ತಗುಲಿದ ಗಿಡದ ಎಲೆಗಳು ಅಗಲದಲ್ಲಿ ಕುಗ್ಗಿ, ಅಂಚಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿ, ನೆಟ್ಟಗೆ ನಿಂತು, ತುದಿಯಲ್ಲಿ ಒಂದು ಗೊಂಚಲಿನಂತೆ ಒತ್ತಾಗಿ ಸೇರುತ್ತವೆ. ಎಲೆಯ ದಂಟಿನ ಮೇಲೂ ಸಣ್ಣ ನರಗಳ ಉದ್ದಕ್ಕೂ ಕಡುಹಸುರಾದ ಚುಕ್ಕೆಗಳೂ ಗೀಟುಗಳೂ ತೋರುತ್ತವೆ. ಎಳೆಯದರಲ್ಲಿಯೇ ರೋಗ ತಗುಲಿದ ಗಿಡವು ಗೊನೆ ಬಿಡುವುದೇ ಇಲ್ಲ. ಬಲಿತ ಮೇಲೆ ತಗುಲಿದರೆ ಗೊನೆಯು ಕುಬ್ಜವಾಗಿ, ಮಾರಾಟಕ್ಕೆ ಬಾರದಂತಾಗುತ್ತದೆ. ಗೊಬ್ಬರ ಹಾಕಿದರಾಗಲಿ, ಔಷಧ ಸಿಂಪಡಿಸಿದರಾಗಲಿ ರೋಗ ಬಿದ್ದ ಗಿಡವು ವಾಸಿಯಾಗುವುದಿಲ್ಲ.

ಈ ರೋಗಕ್ಕೆ ಕಾರಣವಾದ ನಂಜಾಣುವು ಒಂದು ಮಿಲಿಮೀಟರಿನ ಸುಮಾರು ಐವತ್ತು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣದು. ಸಾಮಾನ್ಯವಾದ ಸೂಕ್ಷ್ಮದರ್ಶಕದಿಂದ ಅದು ಕಾಣದು. ಒಂದು ಗಿಡದಿಂದ ಮತ್ತೊಂದು ಗಿಡಕ್ಕೆ ಇದನ್ನು ಒಯ್ಯುವುದು ಬಾಳೆಯ ಕಪ್ಪು ಸಸ್ಯಹೇನು. ಈ ಹೇನು ಗಿಡದ ಬುಡದಲ್ಲಿ ಹಳೆಯ ಎಲೆಹಾಳೆಗಳ ಮರೆಯಲ್ಲಿಯೂ, ಸುರುಳಿಬಿಚ್ಚದ ಎಳೆಯ ಎಲೆಯ ಸಂದಿನಲ್ಲಿಯೂ ವಾಸಿಸುತ್ತದೆ. ಅಲ್ಲಿ ಇರುವೆಗಳ ಓಡಾಟವಿದ್ದರೆ ಹೇನು ಇರುವುದೆಂದು ಊಹಿಸಬಹುದು. ರೋಗದ ಗಿಡದ ರಸವನ್ನು ಕೆಲವು ಗಂಟೆಗಳ ಕಾಲ ಹೀರಿದ ಹೇನು ತನ್ನ ಆಯುಸ್ಸು ತೀರುವವರೆಗೂ ನಂಜನ್ನು ಹೊತ್ತಿರುತ್ತದೆ. ಕತ್ತಿ, ಗುದ್ದಲಿಗಳಿಂದ ಈ ರೋಗವು ಹರಡುವುದಿಲ್ಲ. ಆದುದರಿಂದ ದೂರದ ಊರಿಗೆ ರೋಗವನ್ನು ಮುಟ್ಟಿಸುವುದು ಕಂದು. ಊರೊಳಗೆ ತೋಟದಿಂದ ತೋಟಕ್ಕೆ ಮುಟ್ಟಿಸುವುದು ಹೇನು. ಈ ಎರಡು ದಾರಿಗಳನ್ನೂ ಕಟ್ಟದೆ ಪರಿಹಾರವಿಲ್ಲ.

ಇತಿಹಾಸದ ಪಾಠ

ಆಸ್ಟ್ರೇಲಿಯ ದೇಶಕ್ಕೆ ಈ ರೋಗವು 1913ರ ಸುಮಾರಿಗೆ ಫಿಜಿ ದ್ವೀಪದಿಂದ ತರಿಸಿದ ಕಂದುಗಳೊಡನೆ ಪ್ರವೇಶಿಸಿತು. ಅನಂತರದ ಹತ್ತು ಹನ್ನೆರಡು ವರ್ಷಗಳೊಳಗೆ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಉತ್ತರಭಾಗದಲ್ಲಿಯೂ ಅದಕ್ಕೆ ಸೇರಿದ ಕ್ವೀನ್ಸ್‌ಲೆಂಡಿನ ಗಡಿಯಲ್ಲಿಯೂ ಬಾಳೆಯ ತೋಟಗಳಲ್ಲಿ ಬಹುಪಾಲು ಪಾಳುಬಿದ್ದವು. 1924ರಲ್ಲಿ ಇದರ ಶೋಧನೆ ಆರಂಭವಾಯಿತು. ಈ ಕಾರ್ಯದಲ್ಲಿ ತೊಡಗಿದ ಮ್ಯಾಗೀ ಎಂಬ ವಿಜ್ಞಾನಿಗಳು, ರೋಗಕ್ಕೆ ಕಾರಣವು ನಂಜೆಂದೂ ಅದರ ವಾಹಕವು ಹೇನೆಂದೂ 1927ರ ಹೊತ್ತಿಗೆ ವಿಶದಪಡಿಸಿದರು. ಅಲ್ಲಿನ ಸರ್ಕಾರವು ಕಾಯಿದೆಯ ಮೂಲಕ ಕಂದಿನ ಸಾಗಾಟವನ್ನು ಬಿಗಿಪಡಿಸಿ, ತೋಟಗಳನ್ನು ಪದೇ ಪದೇ ಪರೀಕ್ಷಿಸಿ, ರೋಗದ ಗಿಡಗಳನ್ನು ಕೀಳಿಸಿ, ಶುದ್ಧವಾದ ಕಂದನ್ನೇ ನೆಡಬೇಕೆಂದು ವಿಧಿಸಿತು. ನಂಜಾಣುವನ್ನು ಯಾರೂ ಕಂಡಿಲ್ಲದಿದ್ದ ಆ ಕಾಲದಲ್ಲಿಯೂ ಈ ಕ್ರಮದಿಂದ ಬಾಳೆಯ ಬೇಸಾಯವು ಪುನಃ ತಲೆಯೆತ್ತಿತು. ಎಲ್ಲ ಬೆಳೆಗಾರರೂ ಒಂದೇ ಕಟ್ಟಿಗೆ ಒಳಪಟ್ಟುದೇ ಇದಕ್ಕೆ ಕಾರಣ.

ಭಾರತಕ್ಕೆ ಈ ರೋಗವು 1940ರ ಸುಮಾರಿಗೆ ಸಿಂಹಳದಿಂದ ಕೇರಳದ ಕಡೆಗೆ ಬಂದು, ಅಲ್ಲಿಂದ ಬೇರೆ ಪ್ರಾಂತ್ಯಗಳಿಗೆ ಹಬ್ಬಿತು. ತಮಿಳುನಾಡಿನ ಪಳನಿ ಬೆಟ್ಟಗಳ ಕೆಳಭಾಗದಲ್ಲಿ ಪ್ರಸಿದ್ಧವಾಗಿದ್ದ ವಿರೂಪಾಕ್ಷಿ ಬಾಳೆಯ ಬೇಸಾಯವು ಬಹುಮಟ್ಟಿಗೆ ಕುಗ್ಗಿದುದಕ್ಕೆ ಇದೇ ಮುಖ್ಯ ಕಾರಣ. ಕರ್ನಾಟಕದಲ್ಲಿ ಕೊಡಗಿನ ತೋಟಗಳಲ್ಲಿ ಈ ರೋಗವು ಕಂಡುಬಂದಿದೆ.

ಕಣ್ಣಿನ ಪರೀಕ್ಷೆಯು ಏಕೆ ಸಾಲದು

ಹೇನು ಕಚ್ಚಿದ ದಿನದಿಂದ ಲಕ್ಷಣಗಳು ತೋರುವವರೆಗೆ ಕೆಲವು ವಾರಗಳಿಂದ ಕೆಲವು ತಿಂಗಳುಗಳ ಕಾಲ ಹಿಡಿಯುತ್ತದೆ. ಬೆಚ್ಚನೆಯ ಕಾಲದಲ್ಲಿ ಗಿಡವು ಬೇಗ ಬೆಳೆಯುವುದರಿಂದ ಲಕ್ಷಣವೂ ಬೇಗ ತೋರುವುದು, ಚಳಿಯಲ್ಲಿ ತಡವಾಗುವುದು. ಈ ಅವಧಿಯಲ್ಲಿ ಅಗೆದ ಕಂದು ನೋಡುವುದಕ್ಕೆ ನಿರ್ಮಲವಾಗಿಯೇ ಇರುತ್ತದೆ. ಮಾರಿದವನಲ್ಲಿ ಮೋಸದ ಉದ್ದೇಶವಿಲ್ಲದೆ ಹೋದರೂ, ಕೊಂಡವನಿಗೆ ಆದ ನಷ್ಟವು ನಷ್ಟವೇ ಸರಿ.

ಅಂಗಾಂಶ ಕೃಷಿಯ ಸಸಿಗಳ ವಿಷಯದಲ್ಲಿ ಎಚ್ಚರವು ಇನ್ನೂ ಹೆಚ್ಚಾಗಿ ಬೇಕು. ಪ್ರಯೋಗಶಾಲೆಯ ಗಾಜಿನ ಬುಡ್ಡಿಯಲ್ಲಿ ಬೆಳೆದ ಮಾತ್ರಕ್ಕೆ ಸಸಿಯು ನಂಜಿನಿಂದ ಮುಕ್ತವಾಗುವುದಿಲ್ಲ. ಒಂದು ತಾಯಿಗಿಡದಿಂದ ಸಾವಿರಾರು ಸಸಿಗಳನ್ನು ಮಾಡುವುದರಿಂದ, ಆ ತಾಯಿಯಲ್ಲಿ ನಂಜಿದ್ದರೆ ಅದು ಅಷ್ಟು ಸಸಿಗಳಿಗೂ ಹಂಚಿಹೋಗಬಹುದು. ಈ ಕಾರಣದಿಂದಲೇ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಮೂಲಕ 2006ರಲ್ಲಿ ಅಂಗಾಂಶ ಕೃಷಿಯ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣಪತ್ರದ ವ್ಯವಸ್ಥೆಯು ಏರ್ಪಟ್ಟಿತು. ತಾಯಿಗಿಡವನ್ನೂ ಸಸಿಗಳ ತಂಡವನ್ನೂ ನಂಜಿಗಾಗಿ ಪರೀಕ್ಷಿಸುವುದು ಈ ವ್ಯವಸ್ಥೆಯ ಮುಖ್ಯ ಅಂಗ.

ತಟ್ಟೆಯ ಪರೀಕ್ಷೆಯ ತತ್ತ್ವ

ಪ್ರತಿಯೊಂದು ನಂಜಾಣುವಿಗೂ ಸಸಾರಜನಕದಿಂದಾದ ಒಂದು ಹೊರಗವಚವುಂಟು. ಒಂದು ನಂಜಾಣುವಿನ ಕವಚದಂತೆ ಮತ್ತೊಂದರ ಕವಚವಿರುವುದಿಲ್ಲ. ಕವಚವನ್ನು ಗುರುತಿಸಿದರೆ ನಂಜಾಣುವನ್ನು ಗುರುತಿಸಿದಂತಾಯಿತು.

ಗುರುತಿಸುವ ಕೆಲಸಕ್ಕೆ ಪ್ರಾಣಿಗಳ ಶರೀರದ ಗುಣವೊಂದನ್ನು ಉಪಯೋಗಿಸಿಕೊಳ್ಳುತ್ತಾರೆ. ಕಾಲುಬಾಯಿ ಜ್ವರದ ಲಸಿಕೆ ಹಾಕಿದ ದನದ ರಕ್ತದಲ್ಲಿ ಆ ರೋಗವನ್ನು ತಡೆಯುವ ಪದಾರ್ಥವು ಹುಟ್ಟುವುದೆಂಬುದು ದನ ಸಾಕಿದವರಿಗೆಲ್ಲ ತಿಳಿದ ವಿಷಯ. ಇದಕ್ಕೆ ಪ್ರತಿಕಾಯವೆಂದು ಹೆಸರು. ಅದರಂತೆಯೇ, ರೋಗದ ಬಾಳೆಯಿಂದ ಶುದ್ಧಮಾಡಿ ತೆಗೆದ ನಂಜಾಣುವನ್ನು ಮೊಲಕ್ಕೆ ಚುಚ್ಚಿದರೆ, ಮೊಲದ ರಕ್ತದಲ್ಲಿ ಆ ನಂಜಾಣುವಿನ ಕವಚಕ್ಕೆ ಮಾತ್ರ ಹೊಂದುವ ಪ್ರತಿಕಾಯವು ಉಂಟಾಗುತ್ತದೆ. ಬೀಗಕ್ಕೆ ತಕ್ಕ ಬೀಗದ ಕೈಯಂತೆ ಇವೆರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒಂದೇ ಬಗೆಯ ಪ್ರತಿಕಾಯವನ್ನು ಪ್ರಯೋಗಶಾಲೆಯಲ್ಲಿ ಬೇಕಾದಷ್ಟು ಬೆಳೆಯಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದರು.

ತಟ್ಟೆಯ ವಿಚಾರ ಹೀಗಿದೆ. ಅಳಗುಳಿಮಣೆಯನ್ನು ಕಂಡವರಿಗೆ ಇದರ ಆಕಾರವನ್ನು ವಿವರಿಸುವುದು ಸುಲಭ. ಮಣೆಯಲ್ಲಿ ಏಳೇಳರ ಎರಡು ಸಾಲುಗಳಿದ್ದರೆ, ಈ ತಟ್ಟೆಯಲ್ಲಿ ಹನ್ನೆರಡು ಗುಳಿಗಳ ಎಂಟು ಸಾಲುಗಳು, ಒಟ್ಟು 96 ಗುಳಿಗಳು. ತಟ್ಟೆಯು ತಿಳಿಯಾದ ಪ್ಲಾಸ್ಟಿಕ್ಕಿನದು. ಸುಮಾರು 13 ಸೆಂಟಿಮೀಟರ್ ಉದ್ದ, 8½ ಸೆಂಟಿಮೀಟರ್ ಅಗಲ. ಹಂಗೆರಿ ದೇಶದ ಗ್ಯುಲಾ ಟಕಾಚಿ ಎಂಬ ವೈದ್ಯರು 1951ರಲ್ಲಿ ಇಂಥ ಗುಳಿಗಳ ಫಲಕವನ್ನು ಕೈಯಿಂದಲೇ ಮಾಡಿ ಬಳಕೆಗೆ ತಂದರು. 1971ರಲ್ಲಿ ಸ್ವೀಡನ್ನಿನ ಎಂಗ್‌ವಾಲ್ ಮತ್ತು ಪರ್ಲ್‌ಮನ್ ಎಂಬವರೂ, ಅದೇ ವರ್ಷ ಹಾಲೆಂಡಿನ ವಿಜ್ಞಾನಿಗಳೂ ‘ಎಲೈಸಾ’ ಎಂಬ ಪರೀಕ್ಷೆಯನ್ನು ರೂಪಿಸಿದರು. 1977ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಮತ್ತು ಆಡಮ್ಸ್ ಎಂಬವರು ಇದನ್ನು ಗಿಡಗಳ ನಂಜುರೋಗಗಳಿಗೆ ಅಳವಡಿಸಿದರು.

ಪರೀಕ್ಷೆಯ ಕ್ರಮ

ಮೊದಲು ಪ್ರತಿಕಾಯದ ದ್ರವವನ್ನು ಪ್ರತಿಯೊಂದು ಗುಳಿಗೂ ಒಂದೆರಡು ತೊಟ್ಟಿನಷ್ಟು ಹಾಕಿ, ಕೆಲವು ಗಂಟೆ ಬಿಡುತ್ತಾರೆ. ಪ್ರತಿಕಾಯವು ಗುಳಿಯ ಗೋಡೆಗೆ ಲೇಪದಂತೆ ಅಂಟಿಕೊಳ್ಳುತ್ತದೆ. ಬಳಿಕ ಗುಳಿಗಳನ್ನು ತೊಳೆದು, ಗೋಡೆಯಲ್ಲಿ ಬರಿದಾಗಿ ಉಳಿದ ಜಾಗವನ್ನು ಕೆನೆ ತೆಗೆದ ಹಾಲಿನ ಪುಡಿಯ ನೀರು ಮೊದಲಾದವುಗಳಿಂದ ಮುಚ್ಚುತ್ತಾರೆ. ಹೀಗೆ ಮಾಡದಿದ್ದರೆ ಸಿಕ್ಕಿದ ಪದಾರ್ಥಗಳೆಲ್ಲ ಅಲ್ಲಿ ಅಂಟಿ, ಫಲಿತಾಂಶವು ಕೆಡುವುದು.

ಎರಡನೆಯದಾಗಿ, ಎಲೆಯ ದಂಟಿನ ಅಥವಾ ನಡುನರದ ಒಂದು ಪಾಲನ್ನು ಹತ್ತು ಪಾಲು ದ್ರವದಲ್ಲಿ ಅರೆದು, ಆ ರಸವನ್ನು ಗುಳಿಗೆ ಹಾಕಿ, ತಂಪಾದ ಸ್ಥಳದಲ್ಲಿ ರಾತ್ರಿಯೆಲ್ಲ ಇಡುತ್ತಾರೆ. ಬಾಳೆಯ ರಸವು ಬಟ್ಟೆಗೆ ಬಿದ್ದರೆ ಹೋಗದ ಕರೆಯಾಗುವುದಷ್ಟೆ. ಆ ಕರೆಯ ಪದಾರ್ಥವು ಪರೀಕ್ಷೆಗೂ ಅಡ್ಡಿಯಾಗುವುದರಿಂದ ಅರೆಯುವ ದ್ರವದಲ್ಲಿ ಅದನ್ನು ತಡೆಯುವ ರಸಾಯನಗಳನ್ನು ಸೇರಿಸಿರುತ್ತಾರೆ. ರಸದಲ್ಲಿ ನಂಜಾಣುವಿದ್ದರೆ ಅದರ ಕವಚವು ಗೋಡೆಯ ಪ್ರತಿಕಾಯಕ್ಕೆ ಸಿಕ್ಕಿಬೀಳುತ್ತದೆ. ಮರುದಿನ ತೊಳೆದಾಗ ರಸದ ಉಳಿದ ಅಂಶಗಳೆಲ್ಲ ಹರಿದುಹೋಗಿ, ಹಿಡಿದುದು ಮಾತ್ರ ಗುಳಿಯಲ್ಲಿ ನಿಲ್ಲುತ್ತದೆ. ಅನೇಕ ಗಿಡಗಳ ರಸದಿಂದ ಬೇಕಾದ ಒಂದೇ ಸಸಾರಜನಕವನ್ನು ಏಕಕಾಲದಲ್ಲಿ ಬೇರ್ಪಡಿಸಿ ಹಿಡಿಯುವುದೇ ಈ ವಿಧಾನದ ವಿಶೇಷ.

ಮೂರನೆಯದಾಗಿ, ಕಿಣ್ವವನ್ನು ಜೋಡಿಸಿದ ಮತ್ತೊಂದು ಪ್ರತಿಕಾಯವನ್ನು ಹಾಕುತ್ತಾರೆ. ಮೊಳಕೆ ಬಂದ ರಾಗಿಯ ಹಿಟ್ಟು ಸಿಹಿಯಾಗುವುದು ಅದರೊಳಗಿನ ಕಿಣ್ವದಿಂದ. ಕಿಣ್ವವು ಸ್ವಲ್ಪವಿದ್ದರೂ ಬಹಳ ಪದಾರ್ಥವನ್ನು ಮಾರ್ಪಡಿಸಬಲ್ಲುದು. ಈ ಎರಡನೆಯ ಪ್ರತಿಕಾಯವು ನಂಜಾಣು ಸಿಕ್ಕಿಬಿದ್ದ ಗುಳಿಯಲ್ಲಿ ಮಾತ್ರ ನಿಲ್ಲುತ್ತದೆ. ಉಳಿದ ಗುಳಿಗಳಿಂದ ತೊಳೆದುಹೋಗುತ್ತದೆ. ಕಡೆಯದಾಗಿ ಬಣ್ಣವಿಲ್ಲದ ಒಂದು ದ್ರವವನ್ನು ಎಲ್ಲ ಗುಳಿಗಳಿಗೂ ಹಾಕುತ್ತಾರೆ. ಕಿಣ್ವವಿರುವ ಗುಳಿಯಲ್ಲಿ ಅದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹಳದಿ ಬಣ್ಣವಾಗುತ್ತದೆ. ಬಣ್ಣದ ಗಾಢತೆಯನ್ನು ಯಂತ್ರವು ಅಂಕಿಗಳಲ್ಲಿ ತಿಳಿಸುತ್ತದೆ.

ಆರೋಗ್ಯವಾದ ಗಿಡದ ರಸದಲ್ಲಿಯೂ ಅತ್ಯಲ್ಪವಾದ ಬಣ್ಣವು ತೋರಬಹುದು. ಆದುದರಿಂದ ಪ್ರತಿಯೊಂದು ತಟ್ಟೆಯಲ್ಲಿಯೂ ಆರೋಗ್ಯವಾದುದೆಂದು ಗೊತ್ತಿರುವ ಗಿಡದ ರಸ, ರೋಗವುಳ್ಳದ್ದೆಂದು ಗೊತ್ತಿರುವ ಗಿಡದ ರಸ, ಬರಿಯ ದ್ರವ ಇವುಗಳನ್ನು ಹೋಲಿಕೆಗಾಗಿ ಇಡುವುದು ಕಡ್ಡಾಯ. ಆರೋಗ್ಯವಾದ ಗಿಡದ ಸರಾಸರಿ ಅಂಕಿಯ ಎರಡರಷ್ಟಕ್ಕೆ ಅಥವಾ ಮೂರರಷ್ಟಕ್ಕೆ ಮೀರಿದುದನ್ನು ರೋಗವೆಂದು ಎಣಿಸುವುದು ವಾಡಿಕೆ. ಪ್ರತಿ ಮಾದರಿಯನ್ನೂ ಎರಡು ಗುಳಿಗಳಲ್ಲಿ ಹಾಕುತ್ತಾರೆ. ಹೋಲಿಕೆಗೆ 8 ಗುಳಿಗಳನ್ನು ಬಿಟ್ಟರೆ ಉಳಿದ 88 ಗುಳಿಗಳಲ್ಲಿ 44 ಮಾದರಿಗಳನ್ನು ಒಂದೇ ತಟ್ಟೆಯಲ್ಲಿ ಎರಡು ದಿನಗಳೊಳಗೆ ಪರೀಕ್ಷಿಸಬಹುದು.

ತಟ್ಟೆಯು ತಿಳಿಸದ ವಿಷಯಗಳು

ಪರೀಕ್ಷೆಯ ಮೇಲೆ ಮಿತಿಮೀರಿದ ನಂಬಿಕೆಯನ್ನಿಡುವುದೂ ನಷ್ಟಕ್ಕೆ ದಾರಿ. ತಟ್ಟೆಗೆ ಯಾವ ಪ್ರತಿಕಾಯವನ್ನು ಲೇಪಿಸಿದೆಯೋ ಆ ನಂಜನ್ನು ಮಾತ್ರ ಅದು ತಿಳಿಸುತ್ತದೆ. ಗೊಂಚಲು ತುದಿ ರೋಗದ ತಟ್ಟೆಯಿಂದ ಏಲಕ್ಕಿಯ ಕಟ್ಟೆ ರೋಗವಾಗಲಿ, ನಂಜನಗೂಡಿನ ರಸಬಾಳೆಯನ್ನು ಕಾಡಿದ ಸೊರಗು ರೋಗವಾಗಲಿ ತಿಳಿಯದು. ಮೊದಲನೆಯದು ಬೇರೆ ನಂಜು, ಎರಡನೆಯದು ಮಣ್ಣಿನಲ್ಲಿರುವ ಬೂಷ್ಟಿನಿಂದ ಬರತಕ್ಕುದು. ಬಾಳೆಯ ಗೆರೆ ನಂಜೆಂಬ ಇನ್ನೊಂದು ರೋಗದಲ್ಲಿ ನಂಜಾಣುವಿನ ಕವಚಗಳು ನಾನಾ ಬಗೆಯಾಗಿರುವುದರಿಂದ ಬಣ್ಣದ ಪರೀಕ್ಷೆಯೊಂದೇ ಸಾಲದು. ಅದನ್ನು ಪ್ರತಿಕಾಯದಿಂದ ಹಿಡಿದ ಮೇಲೆ, ಅದರ ಒಳಗಿನ ಬೀಜಾಂಶವನ್ನು ‘ಪಿ.ಸಿ.ಆರ್.’ ಎಂಬ ಬೇರೊಂದು ವಿಧಾನದಿಂದ ಪರೀಕ್ಷಿಸುವುದುಂಟು.

ಎರಡನೆಯ ಮಿತಿಯು ಕಾಲಕ್ಕೆ ಸಂಬಂಧಪಟ್ಟುದು. ನಿನ್ನೆ ಮೊನ್ನೆ ಹೇನು ಕಚ್ಚಿದ ಗಿಡದಲ್ಲಿ ನಂಜು ಇನ್ನೂ ಹೆಚ್ಚಿರುವುದಿಲ್ಲವಾದ್ದರಿಂದ ಬಣ್ಣವು ಬಾರದೆ ಹೋಗಬಹುದು. ಪರೀಕ್ಷೆಯು ತೇರ್ಗಡೆಯಾದ ತೋಟದಲ್ಲಿಯೂ ಮುಂದೆ ಕಣ್ಣಿಟ್ಟು ನೋಡುವುದು ತಪ್ಪದು.

ಮೂರನೆಯದು ಲೆಕ್ಕಕ್ಕೆ ಸಂಬಂಧಪಟ್ಟುದು; ಇದನ್ನು ಮುಖಂಡರು ವಿಶೇಷವಾಗಿ ಗಮನಿಸಬೇಕು. ಆರು ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ 1,210 ಕಂದುಗಳು ಹಿಡಿಯುತ್ತವೆ. ನೂರಕ್ಕೆ ಎರಡರಲ್ಲಿ ನಂಜಿದ್ದರೆ ಎಕರೆಗೆ 24 ರೋಗದ ಗಿಡಗಳಾದುವು. ಇಂಥ ತಂಡದಿಂದ 44 ಕಂದುಗಳನ್ನು ಮಾತ್ರ ಆರಿಸಿ ಪರೀಕ್ಷಿಸಿದರೆ, ಅವುಗಳಲ್ಲಿ ಒಂದೂ ರೋಗದ್ದು ಸಿಗದೆ ಹೋಗುವ ಸಂಭವವು ನೂರಕ್ಕೆ 41ರಷ್ಟಿದೆ. ಈ ಸಂಭವವನ್ನು ನೂರಕ್ಕೆ ಐದಕ್ಕೆ ಇಳಿಸಬೇಕಾದರೆ ಸುಮಾರು 150 ಗಿಡಗಳನ್ನು ನೋಡಬೇಕು. ಖರ್ಚು ಹೆಚ್ಚಾಗದಂತೆ, ಐದೈದು ಗಿಡಗಳ ಎಲೆಗಳನ್ನು ಸಮಪಾಲಾಗಿ ಸೇರಿಸಿ ಒಂದು ಮಾದರಿ ಮಾಡಿದರೆ 150 ಗಿಡಗಳು 30 ಮಾದರಿಗಳಾಗಿ ಒಂದೇ ತಟ್ಟೆಯಲ್ಲಿ ಮುಗಿಯುವುವು. ಬಣ್ಣ ಬಂದ ಮಾದರಿಯ ಐದು ಗಿಡಗಳನ್ನು ಮಾತ್ರ ಪುನಃ ಬಿಡಿಬಿಡಿಯಾಗಿ ನೋಡಿದರೆ ಸಾಕು. ಆದರೆ ನಾಲ್ಕು ಆರೋಗ್ಯವಾದ ಎಲೆಗಳೊಡನೆ ಬೆರೆತ ಒಂದು ರೋಗದ ಎಲೆಯನ್ನು ತಮ್ಮ ತಟ್ಟೆಯು ಗುರುತಿಸಬಲ್ಲುದೆಂದು ಪ್ರಯೋಗಶಾಲೆಯವರು ಮೊದಲು ಖಚಿತಪಡಿಸಿಕೊಂಡಿರಬೇಕು. ಒಂದೇ ಮೂಲೆಯ ಗಿಡಗಳನ್ನು ಆರಿಸದೆ, ತೋಟದ ಎಲ್ಲ ಭಾಗಗಳಿಂದಲೂ ಆರಿಸುವುದು ಮುಖ್ಯ.

ಮಾದರಿಯನ್ನು ಕಳುಹಿಸುವ ಬಗೆ

1. ಕಂದುಗಳನ್ನು ಅಗೆಯುವುದಕ್ಕೆ ಮೊದಲು, ತಾಯಿಗಿಡಗಳು ತೋಟದಲ್ಲಿರುವಾಗಲೇ ಮಾದರಿ ತೆಗೆಯಬೇಕು. ಇಡೀ ಕಂದನ್ನು ಕಳುಹಿಸಕೂಡದು. ಅದರೊಡನೆ ಹೇನೂ ಪ್ರಯಾಣಮಾಡುವುದು.

2. ಹೊಸದಾಗಿ ಬಿಚ್ಚಿದ ಎಲೆಯ ದಂಟನ್ನೂ ನಡುನರವನ್ನೂ ಸೇರಿಸಿ ಅಂಗೈಯಗಲದ ತುಂಡನ್ನು ಕತ್ತರಿಸಬೇಕು. ಒಣಗಿದ ಎಲೆಯು ಉಪಯೋಗಕ್ಕೆ ಬಾರದು.

3. ಒಂದು ಗಿಡದ ರಸವು ಮತ್ತೊಂದರ ಮಾದರಿಗೆ ತಗುಲದಂತೆ ಕತ್ತಿಯನ್ನು ಪ್ರತಿ ಸಲವೂ ಒರಸಬೇಕು.

4. ಹೇನುಗಳಿದ್ದರೆ ಒರಸಿ ತೆಗೆದು, ಪ್ರತಿ ಮಾದರಿಯನ್ನೂ ಬೇರೆ ಬೇರೆ ಚೀಲದಲ್ಲಿಟ್ಟು, ತೋಟದ ಸರ್ವೆ ನಂಬರು, ಸಾಲು, ಗಿಡದ ಸಂಖ್ಯೆ, ತಳಿಯ ಹೆಸರು, ತೆಗೆದ ತಾರೀಖು ಇವನ್ನು ಬರೆಯಬೇಕು. ಅದೇ ಸಂಖ್ಯೆಯ ಗುರುತನ್ನು ಗಿಡಕ್ಕೂ ಕಟ್ಟಬೇಕು. ಗುರುತು ತಪ್ಪಿದರೆ ಪರೀಕ್ಷೆ ಮಾಡಿಸಿಯೂ ಫಲವಿಲ್ಲ.

5. ಬಿಸಿಲಿಗೆ ಬೀಳದಂತೆ ತಂಪಾಗಿಟ್ಟು, ತಡಮಾಡದೆ ಮುಟ್ಟಿಸಬೇಕು.

ಗ್ರಾಮದ ಕರ್ತವ್ಯ

ರೋಗವಿದೆಯೆಂದು ತಿಳಿದ ಮೇಲೆ ಗಿಡವನ್ನು ಹಾಗೆಯೇ ಬಿಟ್ಟರೆ ಪರೀಕ್ಷೆಯು ವ್ಯರ್ಥ. ಮೊದಲು ಆ ಗಿಡದ ಮೇಲಿನ ಹೇನುಗಳನ್ನು ಶಿಫಾರಸಾದ ಔಷಧದಿಂದ ಕೊಲ್ಲಬೇಕು. ಗಿಡವನ್ನು ಮುಂಚೆಯೇ ಕಡಿದರೆ ಹಸಿದ ಹೇನುಗಳು ನಂಜಿನೊಡನೆ ಪಕ್ಕದ ಗಿಡಗಳಿಗೆ ಹೋಗುವುವು. ಆಮೇಲೆ ಗಿಡವನ್ನು ಗಡ್ಡೆಸಹಿತವಾಗಿಯೂ, ಅದರ ಸುತ್ತಲಿನ ಎಲ್ಲ ಕಂದುಗಳ ಸಹಿತವಾಗಿಯೂ ಅಗೆದು, ತುಂಡುಮಾಡಿ, ಹೂಳಬೇಕು. ಒಂದು ಬುಡದ ಯಾವ ಕಂದನ್ನೂ ಉಳಿಸಕೂಡದು; ಅವೆಲ್ಲ ಒಂದೇ ಮೈಗೆ ಸೇರಿದುವು.

ಒಬ್ಬನು ಕಿತ್ತು ಮತ್ತೊಬ್ಬನು ಕೀಳದಿದ್ದರೆ ಕಿತ್ತವನಿಗೆ ಎರಡು ನಷ್ಟಗಳು. ಗೊನೆ ಬಿಡುವ ಆಸೆಯಿಂದ ರೋಗದ ಗಿಡವನ್ನು ಕಾಯ್ದಿರಿಸುವವನು ಬಡವನಾಗಿರಬಹುದು. ಅವನನ್ನು ಗದರಿಸುವುದಕ್ಕಿಂತ, ಹೊಸ ಸಸಿಗಳನ್ನು ಗ್ರಾಮದ ಸಹಕಾರ ಸಂಘದ ಮೂಲಕ ಒದಗಿಸಿ ಗಿಡವನ್ನು ಕೀಳಿಸುವುದು ಹೆಚ್ಚು ಫಲಕಾರಿ. ಬಾಳೆಯನ್ನು ಬೆಳೆಯುವ ಗ್ರಾಮಗಳಲ್ಲಿ ಮುಖಂಡರು ನೆಡುವ ಕಾಲಕ್ಕೆ ಎರಡು ತಿಂಗಳು ಮುಂಚಿತವಾಗಿ ಬೆಳೆಗಾರರನ್ನು ಒಂದೆಡೆ ಸೇರಿಸಿ, ಕಂದುಗಳನ್ನು ಯಾವ ತೋಟದಿಂದ ತರಬೇಕೆಂಬುದನ್ನು ಒಟ್ಟಾಗಿ ನಿಶ್ಚಯಿಸಿ, ಆ ತೋಟದ ಮಾದರಿಗಳನ್ನು ಕಳುಹಿಸಿ, ಫಲಿತಾಂಶವು ಬಂದ ಮೇಲೆಯೇ ಹಣ ಕೊಡುವ ಏರ್ಪಾಡನ್ನು ಮಾಡಬೇಕು. ಅಂಗಾಂಶ ಕೃಷಿಯ ಸಸಿಗಳನ್ನು ಕೊಳ್ಳುವವರು ಪ್ರಮಾಣಪತ್ರದ ಚೀಟಿಯನ್ನು ಕೇಳಿ, ಓದಿ, ಜೋಪಾನವಾಗಿಟ್ಟುಕೊಳ್ಳಬೇಕು. ನೆಟ್ಟ ಮೇಲೆ ಹದಿನೈದು ದಿನಗಳಿಗೊಮ್ಮೆ ಎಲ್ಲ ತೋಟಗಳನ್ನೂ ನೋಡಿಬರಲು ಇಬ್ಬರು ಮೂವರನ್ನು ಗೊತ್ತುಮಾಡುವುದು ಒಳ್ಳೆಯದು.

ಮಾದರಿಗಳನ್ನು ತೆಗೆಯುವ ಮತ್ತು ಕಳುಹಿಸುವ ವಿಷಯದಲ್ಲಿ ಬೇಕಾದ ಸಲಹೆಯನ್ನು ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಪಡೆಯಬಹುದು. ಬಾಳೆಯ ರೋಗಗಳ ವಿಚಾರವಾಗಿ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿಯೂ, ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಲ್ಲಿಯೂ ಶೋಧನೆಗಳು ನಡೆಯುತ್ತಿವೆ. ಕಂದು ಅಗೆದ ಮೇಲೆ ಬಂದು ವಿಚಾರಿಸುವುದಕ್ಕಿಂತ, ಅಗೆಯುವುದಕ್ಕೆ ಮುಂಚೆ ವಿಚಾರಿಸುವುದು ಕ್ಷೇಮ.